ಪೂರ್ಣಯ್ಯನವರೂ ಅವರ ಮನೆತನವೂ

ಹೈದರಾಲಿ, ಟಿಪ್ಪು ಸುಲ್ತಾನ, ಮುಮ್ಮಡಿ ಕೃಷ್ಣರಾಜ ಒಡೆಯರು—ಈ ಮೂವರ ಆಳಿಕೆಯಲ್ಲಿಯೂ ಅಧಿಕಾರದಲ್ಲಿದ್ದವರು ಪೂರ್ಣಯ್ಯನವರು. 1799ರಲ್ಲಿ ಟಿಪ್ಪು ಮಡಿದು ರಾಜ್ಯವು ಮರಳಿ ಒಡೆಯರಿಗೆ ಸಂದಾಗ ಮುಮ್ಮಡಿಯವರು ಇನ್ನೂ ಬಾಲಕರು. ಆದುದರಿಂದ 1811ರವರೆಗೂ ರಾಜ್ಯಭಾರವು ದಿವಾನರ ಹೆಗಲಿನ ಮೇಲೆಯೇ ಇದ್ದಿತು. ಈ ಸೇವೆಗಾಗಿ 1807ರಲ್ಲಿ ಯಳಂದೂರು ಜಹಗೀರು ಅವರ ಮನೆತನಕ್ಕೆ ದೊರೆಯಿತು. 1812ರಲ್ಲಿ ಅವರು ತೀರಿಕೊಂಡರು.

ಮನೆತನಕ್ಕೆ ಉಳಿದುದು ಭೂಮಿಯೊಂದೇ ಅಲ್ಲ. ವಂಶಜರಾದ ಪಿ. ಎನ್. ಕೃಷ್ಣಮೂರ್ತಿಯವರು 1901ರಿಂದ 1906ರವರೆಗೆ ಅದೇ ದಿವಾನಗಿರಿಯನ್ನು ನಡೆಸಿದರು. ಹಿಂದಿನ ದಿವಾನರು ಕೈಗೊಂಡಿದ್ದ ಶಿವನಸಮುದ್ರದ ವಿದ್ಯುತ್ತು 1902ರಲ್ಲಿ ಕೋಲಾರದ ಚಿನ್ನದ ಗಣಿಗಳನ್ನು ಮುಟ್ಟಿದುದು ಅವರ ಕಾಲದಲ್ಲಿಯೇ.

ಜಹಗೀರುಗಳ ಕಾಲವು ಮುಗಿದುಹೋಗಿದೆ. ಪೂರ್ಣಯ್ಯನವರು ಶ್ರೀರಂಗಪಟ್ಟಣದಲ್ಲಿ 1804ರಲ್ಲಿ ಮುಗಿಸಿದ ಕಲ್ಲುಸೇತುವೆಯಾದರೋ ಕಾವೇರಿಯ ಮೇಲೆ ಇಂದಿಗೂ ನಿಂತಿದೆ. ಹಿರಿಯರ ಆಸ್ತಿಯಲ್ಲಿ ಮನೆತನಕ್ಕೆ ಸಲ್ಲುವ ಪಾಲಿಗಿಂತ ನಾಡಿಗೆ ಸಲ್ಲುವ ಪಾಲೇ ಹೆಚ್ಚು ಕಾಲ ಬಾಳುವುದೆಂದು ನಾವು ಭಾವಿಸುತ್ತೇವೆ.