ಟೊಂಕನೋವಿನ ಗುಳಿಗೆ: ಯಾರಿಗೆ ಆರಾಮ, ಯಾರಿಗೆ ಲಾಭ?

ನಸುಕಿನಲ್ಲೆದ್ದು ನೀರು ತುಂಬಿ, ಮನೆಮಂದಿಗೆಲ್ಲ ರೊಟ್ಟಿ ಬಡಿದು, ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ತೊಗರಿ ಸಾಲಿನಲ್ಲಿ ಬಗ್ಗಿ ಕಳೆ ತೆಗೆದು ಬಂದರೆ ಸಂಜೆಗೆ ಟೊಂಕ ಹಿಡಿಯದೆ ಇದ್ದೀತೇ? "ಟೊಂಕ ಭಾಳ ನೋಯ್ತದ್ರೀ, ಒಂದು ಗುಳಿಗಿ ನುಂಗಿದ್ರ ಆರಾಮ ಆಗ್ತದ" ಎಂಬ ಮಾತು ಬೀದರ ಜಿಲ್ಲೆಯ ಠಾಣಾ ಕುಶನೂರಿನಂಥ ಊರುಗಳಲ್ಲಿ ಯಾವ ಮನೆಗೆ ಹೊಸದು? ಹೊಲಕ್ಕೆ ಹೋಗದ ನಮ್ಮ ನಿಮ್ಮ ಮನೆಗಳಲ್ಲೂ ಸಕ್ಕರೆ ಡಬ್ಬಿಯ ಪಕ್ಕದಲ್ಲೇ ನೋವಿನ ಗುಳಿಗೆಯ ಪಟ್ಟಿ ಇರುತ್ತದಲ್ಲವೇ?

ಇದು ನಾಲ್ಕಾರು ರೂಪಾಯಿಯ ಮಾತು ಎಂದುಕೊಳ್ಳಬೇಡಿ. 2020ರಲ್ಲಿ ಜಗತ್ತಿನಲ್ಲಿ 61.9 ಕೋಟಿ ಜನರಿಗೆ ಸೊಂಟನೋವಿತ್ತು. 2050ರ ಹೊತ್ತಿಗೆ ಅದು 84.3 ಕೋಟಿಗೆ ಏರಬಹುದೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಅವರಲ್ಲಿ ಗಂಡಸರಿಗಿಂತ ಹೆಂಗಸರೇ ಹೆಚ್ಚು. ಆಯುಸ್ಸು ಬೆಳೆದಂತೆ ಸಂಧಿನೋವೂ ಬೆಳೆಯುತ್ತದೆ. ಮೂರು ತಿಂಗಳು ದಾಟಿದ ನೋವಿಗೆ 'ದೀರ್ಘಕಾಲದ ನೋವು' ಎಂದು ಹೆಸರು. ಈ ಗಿರಾಕಿ ವರ್ಷಗಟ್ಟಲೆ ಬಿಟ್ಟುಹೋಗುವವನಲ್ಲ! ಗುಳಿಗೆ, ಮುಲಾಮು, ಪಟ್ಟಿ, ಬೆಲ್ಟು ಎಂದು ಲಕ್ಷಗಟ್ಟಲೆ ಕೋಟಿ ರೂಪಾಯಿಗಳ ವ್ಯಾಪಾರ ಬೆಳೆದಿರುವುದು ಹೀಗೆ.

ವ್ಯಾಪಾರವೆಲ್ಲ ಕೆಟ್ಟದ್ದೆಂದಲ್ಲ. ಆದರೆ ಲಾಭದ ಆಸೆ ಮಿತಿಮೀರಿದರೆ? ಅಮೇರಿಕದಲ್ಲಿ ಪರ್‌ಡ್ಯೂ ಎಂಬ ಕಂಪನಿ 1996ರಲ್ಲಿ ಆಕ್ಸಿಕಾಂಟಿನ್ ಎಂಬ ಅಫೀಮಿನ ಜಾತಿಯ ಗುಳಿಗೆಯನ್ನು ಮಾರಾಟಕ್ಕೆ ತಂದಿತು. ಚಟ ಹತ್ತುವುದು ಕಡಿಮೆ ಎಂದು ಪ್ರಚಾರ ಮಾಡಿತು. ಚಟ ಹತ್ತಿತು, ಸಂಸಾರಗಳು ಹಾಳಾದವು. ಕಂಪನಿ 2007ರಲ್ಲಿ ಒಮ್ಮೆ, 2020ರಲ್ಲಿ ಮತ್ತೊಮ್ಮೆ ನ್ಯಾಯಾಲಯದಲ್ಲಿ ತಪ್ಪೊಪ್ಪಿಕೊಂಡಿತು. ಸಂಧಿವಾತಕ್ಕೆಂದು ಬಂದ ವಯಾಕ್ಸ್ ಗುಳಿಗೆ ಹೃದಯಾಘಾತದ ಅಪಾಯ ಹೆಚ್ಚಿಸುವುದು ತಿಳಿದು 2004ರಲ್ಲಿ ಮಾರುಕಟ್ಟೆಯಿಂದಲೇ ಹೊರಬಿತ್ತು.

ಅದೆಲ್ಲ ದೂರದ ಮಾತಾಯಿತು; ನಮ್ಮ ಡಬ್ಬಿಯಲ್ಲಿರುವ ಡೈಕ್ಲೊಫೆನಾಕ್ ವಿಷಯ ಕೇಳಿ. ನಮ್ಮ ಅಜ್ಜಿಯರ ಕಾಲದಲ್ಲಿ ಸತ್ತ ದನದ ಮೇಲೆ ಹಿಂಡುಹಿಂಡಾಗಿ ಇಳಿಯುತ್ತಿದ್ದ ರಣಹದ್ದುಗಳು ಈಗೆಲ್ಲಿ? ನೋವಿಗೆಂದು ದನಗಳಿಗೆ ಕೊಟ್ಟ ಇದೇ ಔಷಧಿ, ಅವುಗಳ ಮಾಂಸ ತಿಂದ ಹದ್ದುಗಳ ಮೂತ್ರಪಿಂಡ ಕೆಡಿಸಿ ಕೊಂದಿತು. 2006ರಲ್ಲಿ ನಮ್ಮ ಸರಕಾರ ದನಗಳಿಗೆ ಅದನ್ನು ಕೊಡುವುದನ್ನು ನಿಷೇಧಿಸಿತು. ನಮ್ಮ ಶರೀರ ಹದ್ದಿನ ಶರೀರವಲ್ಲ, ನಿಜ. ಡಾಕ್ಟರು ಹೇಳಿದಷ್ಟು, ಹೇಳಿದಷ್ಟೇ ದಿನ ನುಂಗಿದರೆ ಹೆಚ್ಚಿನವರಿಗೆ ತೊಂದರೆಯಿಲ್ಲ. ಆದರೆ ಈ ಗುಳಿಗೆಗಳು ನೋವು ತರುವ ಯಾವ ರಾಸಾಯನಿಕವನ್ನು ತಡೆಯುತ್ತವೋ, ಹೊಟ್ಟೆಯ ಒಳಪೊರೆ ಕಾಯುವುದಕ್ಕೂ ಮೂತ್ರಪಿಂಡಕ್ಕೆ ರಕ್ತ ಹರಿಯುವುದಕ್ಕೂ ಅದೇ ಬೇಕು. ದಿನಾ ನುಂಗುತ್ತ ಹೋದರೆ ಹೊಟ್ಟೆಯಲ್ಲಿ ಹುಣ್ಣು, ರಕ್ತದೊತ್ತಡ, ಕೊನೆಗೆ ಮೂತ್ರಪಿಂಡಕ್ಕೇ ಪೆಟ್ಟು. ಡಾಕ್ಟರ ಚೀಟಿ ಇಲ್ಲದೆ ಇದನ್ನು ಮಾರಬಾರದೆಂಬ ಕಾನೂನು ಇರುವುದು ಸುಮ್ಮನೆ ಅಲ್ಲ.

ಹಾಗಾದರೆ ನೋವನ್ನು ನುಂಗಿಕೊಂಡೇ ಇರಬೇಕೇ? ಖಂಡಿತ ಬೇಡ. ಇವಿಷ್ಟನ್ನು ನೆನಪಿಡಿ:

● ಹಾಸಿಗೆ ಹಿಡಿಯಬೇಡಿ. ಆದಷ್ಟು ನಡೆದಾಡಿ, ಡಾಕ್ಟರಿಂದ ಸೊಂಟದ ವ್ಯಾಯಾಮ ಕಲಿತು ದಿನಾ ಮಾಡಿ. 2023ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹಳೆಯ ಸೊಂಟನೋವಿಗೆ ವ್ಯಾಯಾಮ ಬೇಕೆಂದಿತು. ಸೊಂಟದ ಬೆಲ್ಟು ಬೇಡವೆಂದಿತು.

● ಭಾರದ ಕೊಡ ಎತ್ತುವಾಗ ಸೊಂಟ ಬಗ್ಗಿಸದೆ ಮೊಣಕಾಲು ಮಡಿಸಿ. ರೊಟ್ಟಿ ಬಡಿಯುವಾಗ ನಡುನಡುವೆ ಎದ್ದು ಮೈ ಸಡಿಲಿಸಿ. ಬಿಸಿ ಉಪ್ಪಿನ ಶಾಖವೂ ಹಿತ.

● ಹೆಸರಿಲ್ಲದ ಪುಡಿ, ಪೊಟ್ಟಣದ ಗುಳಿಗೆ ಬೇಡವೇ ಬೇಡ. ಅದರಲ್ಲಿ ಸ್ಟಿರಾಯ್ಡ್ ಬೆರೆತಿರಬಹುದು.

● ಬಸುರಿಯರು, ಸಕ್ಕರೆ ಕಾಯಿಲೆ ಅಥವಾ ರಕ್ತದೊತ್ತಡ ಇದ್ದವರು ಕೇಳದೆ ಗುಳಿಗೆ ನುಂಗಲೇಬಾರದು.

● ಕಾಲು ಜೋಮು ಹಿಡಿದರೆ, ಬಲ ಕುಂದಿದರೆ, ಮೂತ್ರ ಹಿಡಿತ ತಪ್ಪಿದರೆ, ಜ್ವರ ಬಂದರೆ ತಡಮಾಡದೆ ಬೀದರಿನ ಬ್ರಿಮ್ಸ್‌ನಂಥ ದೊಡ್ಡ ಸರಕಾರಿ ಆಸ್ಪತ್ರೆಗೆ ಹೋಗಿ.

ಡಾಕ್ಟರು ಗುಳಿಗೆ ಬರೆದರೆ ಜನೌಷಧಿ ಅಂಗಡಿಯಲ್ಲಿ ವಿಚಾರಿಸಿ. ಅದೇ ಔಷಧಿ ಕಡಿಮೆ ಬೆಲೆಗೆ ಸಿಕ್ಕೀತು. ಮತ್ತೆ ಇನ್ನೊಂದು ಮಾತು: ತುಂಬಿದ ಕೊಡವನ್ನು ಮನೆಯ ಗಂಡಸರು, ಮಕ್ಕಳೂ ಎತ್ತಬಹುದಲ್ಲವೇ? ಇವತ್ತೇ ಹೇಳಿ ನೋಡಿ. ಯಾವ ಕಂಪನಿಯೂ ಮಾರದ ಔಷಧಿ ಅದು!