150 ವಾಟ್‌ನ ಸಂಸಾರದಲ್ಲಿ ಕಣ್ಣಿಗೂ ಒಂದು ಪಾಲು

ಬೆಂಗಳೂರಿನ ಮಳೆಯಲ್ಲಿ ಬೈಕ್ ಓಡಿಸಿದವರಿಗೆಲ್ಲ ಈ ಕಷ್ಟ ಗೊತ್ತು. ಸಿಗ್ನಲ್‌ನಲ್ಲಿ ನಿಂತ ಅರ್ಧ ನಿಮಿಷಕ್ಕೆ ಹೆಲ್ಮೆಟ್‌ನ ವೈಸರ್ ಒಳಗಿನಿಂದ ಮಂಜಾಗುತ್ತೆ. ಬೆರಳಲ್ಲಿ ಒರೆಸ್ತೀವಿ, ಇಲ್ಲಾ ಸ್ವಲ್ಪ ಎತ್ತಿಕೊಂಡು ಮುಂದೆ ಹೋಗ್ತೀವಿ. ಅದೇ ಹೆಲ್ಮೆಟ್ ಹಾಕಿಕೊಂಡು ಮೈನಸ್ 25 ಡಿಗ್ರಿ ಚಳಿಗೆ ಇಳಿದರೆ ಕಥೆ ಬೇರೆ. ಉಸಿರಿನ ತೇವ ವೈಸರ್‌ಗೆ ತಾಗಿ ಐಸ್ ಆಗಿ ಅಂಟುತ್ತೆ. ಒರೆಸಿದರೆ ಹೋಗಲ್ಲ. ಎತ್ತಿದರೆ ಗಂಟೆಗೆ 50 ಕಿ.ಮೀ. ವೇಗದ ಗಾಳಿ ನೇರ ಮುಖಕ್ಕೆ.

ನಾನಿರುವುದು ಅಮೆರಿಕದ ಮಿನೆಸೋಟದಲ್ಲಿ. ಇಲ್ಲಿ ಚಳಿಗಾಲ ಅಂದರೆ ಸ್ನೋಮೊಬೈಲ್ ಕಾಲ. ಮುಂದೆ ಎರಡು ಸ್ಕೀ, ಹಿಂದೆ ರಬ್ಬರ್ ಪಟ್ಟಿ, ಮಧ್ಯೆ ಬೈಕ್‌ನಂಥ ಸೀಟು. ಇಲ್ಲಿನವರು ಅದನ್ನು 'ಸ್ಲೆಡ್' ಅಂತಾರೆ. ಈ ರಾಜ್ಯವೊಂದರಲ್ಲೇ ಸುಮಾರು 35,000 ಕಿ.ಮೀ. ಉದ್ದದ ಸ್ನೋಮೊಬೈಲ್ ದಾರಿಗಳಿವೆ. ಪೋಲಾರಿಸ್, ಆರ್ಕ್‌ಟಿಕ್ ಕ್ಯಾಟ್ ಎರಡೂ ಹುಟ್ಟಿದ್ದು ಇಲ್ಲಿನ ಸಣ್ಣ ಊರುಗಳಲ್ಲೇ.

ನಮಗೆ ಇದು ಶೋಕಿಯ ಆಟ ಅನ್ನಿಸಬಹುದು. ಆದರೆ ಇದರ ಹಿಂದೆ ನೋವಿನ ಕಥೆಯೂ ಇದೆ. ಕೆನಡಾದ ಕ್ವಿಬೆಕ್‌ನ ಜೋಸೆಫ್ ಅರ್ಮಾಂಡ್ ಬಾಂಬಾರ್ಡಿಯೇ ಹುಡುಗನಾಗಿದ್ದಾಗಿನಿಂದ ಹಿಮದ ಮೇಲೆ ಓಡುವ ಗಾಡಿ ಮಾಡಲು ಒದ್ದಾಡುತ್ತಿದ್ದವರು. 1934ರ ಚಳಿಗಾಲದಲ್ಲಿ ಅವರ ಎರಡು ವರ್ಷದ ಮಗನಿಗೆ ಹೊಟ್ಟೆಯ ಸೋಂಕಾಯಿತು. ದಾರಿಯೆಲ್ಲ ಹಿಮ ಮುಚ್ಚಿತ್ತು, ಆಸ್ಪತ್ರೆಗೆ ಒಯ್ಯಲಾಗಲಿಲ್ಲ, ಮಗು ಉಳಿಯಲಿಲ್ಲ. 1937ರಲ್ಲಿ ಅವರಿಗೆ ಹಿಮವಾಹನದ ಪಟ್ಟಿ ವ್ಯವಸ್ಥೆಯ ಪೇಟೆಂಟ್ ಸಿಕ್ಕಿತು. ಒಬ್ಬಿಬ್ಬರು ಕೂತು ಹೋಗುವ ಅವರ 'ಸ್ಕೀ-ಡೂ' ಬಂದಿದ್ದು 1959ರಲ್ಲಿ.

ಮಾರಿ, ಇಲ್ಲಾ ಕಣ್ಣು ಕಾಣೋ ಹಾಗೆ ಮಾಡಿ

ನನ್ನ ಸಹೋದ್ಯೋಗಿಯ ತಂದೆಗೆ ಎಪ್ಪತ್ತು ದಾಟಿದೆ. ಉತ್ತರದ ಕಡೆ ಕೆರೆ ದಂಡೆಯಲ್ಲಿ ಮನೆ. ಚಳಿಗಾಲದಲ್ಲಿ ಕೆರೆ ಗಟ್ಟಿಯಾದ ಮೇಲೆ ಅದರ ಮೇಲೆ ಮರದ ಗೂಡು ಇಟ್ಟು, ಐಸ್ ಕೊರೆದು ಮೀನು ಹಿಡಿಯೋದು ಇಲ್ಲಿನ ರೂಢಿ. ಅವರು ದಿನಾ ಸ್ಲೆಡ್‌ನಲ್ಲಿ ಹೋಗಿ ಬರ್ತಾರೆ. ಡಿಸೆಂಬರ್‌ನಲ್ಲಿ ಸಂಜೆ ನಾಲ್ಕೂವರೆಗೆಲ್ಲ ಸೂರ್ಯ ಮುಳುಗುತ್ತಾನೆ, ಹಾಗಾಗಿ ವಾಪಸ್ ಬರೋದು ಕತ್ತಲಲ್ಲೇ.

ಕನ್ನಡಕ ಬೇರೆ. ಹೋದ ವರ್ಷ ವೈಸರ್ ಪೂರ್ತಿ ಐಸ್ ಕಟ್ಟಿ, ಅದನ್ನು ಎತ್ತಿಕೊಂಡೇ ಮನೆ ಸೇರಿದಾಗ ಒಂದು ಕೆನ್ನೆ ಮರಗಟ್ಟಿ ಬೆಳ್ಳಗಾಗಿತ್ತಂತೆ. ಅದಕ್ಕಿಂತ ಭಯದ ವಿಷಯ ಇನ್ನೊಂದು: ಕೆರೆಯ ಐಸ್ ಒತ್ತಡಕ್ಕೆ ಒಡೆದು ಅಲ್ಲಲ್ಲಿ ದಿಬ್ಬದ ಹಾಗೆ ಏಳುತ್ತೆ. ಅಂಥದ್ದೊಂದು ಅವರಿಗೆ ಕಂಡಿದ್ದು ತೀರಾ ಹತ್ತಿರ ಬಂದ ಮೇಲೆ. ಮಗಳು ಖಡಾಖಂಡಿತವಾಗಿ ಹೇಳಿದಳು, "ಗಾಡಿ ಮಾರಿ, ಇಲ್ಲಾ ಕಣ್ಣು ಕಾಣೋ ಹಾಗೆ ಏನಾದ್ರೂ ಮಾಡಿ."

ಅವಳೇ ಕ್ರಿಸ್‌ಮಸ್‌ಗೆ ಬಿಸಿ ವೈಸರ್ ಇರುವ ಹೆಲ್ಮೆಟ್ ತಂದುಕೊಟ್ಟಳು. ಎರಡು ಪದರದ ವೈಸರ್, ಕರೆಂಟ್ ಕೊಟ್ಟರೆ ಬೆಚ್ಚಗಾಗುತ್ತೆ. ವೈಸರ್ ಬೆಚ್ಚಗಿದ್ದರೆ ಉಸಿರಿನ ತೇವ ಅಲ್ಲಿ ಕೂರಲ್ಲ, ಅಷ್ಟೇ ಅದರ ಗುಟ್ಟು. ಆದರೆ ಸಿಕ್ಕಿಸೋದು ಎಲ್ಲಿಗೆ? ತೊಂಬತ್ತರ ದಶಕದ ಸ್ಲೆಡ್ಡು, ಹಗ್ಗ ಎಳೆದು ಸ್ಟಾರ್ಟ್ ಮಾಡಬೇಕು, ಬ್ಯಾಟರಿಯೇ ಇಲ್ಲ. "ನೀನು ಎಲೆಕ್ಟ್ರಾನಿಕ್ಸ್ ಓದಿದ್ದೀಯಲ್ಲ" ಅಂತ ಕೆಲಸ ನನ್ನ ತಲೆಗೆ ಬಂತು. ಎಂಜಿನಿಯರಿಂಗ್ ಮುಗಿಸಿದ ಮೇಲೆ ಕೋಡ್ ಬರೆದಿದ್ದೇ ಹೆಚ್ಚು. ಮಲ್ಟಿಮೀಟರ್ ಮುಟ್ಟದೆ ಎಂಟು ವರ್ಷವಾಗಿತ್ತು.

ಊರಿಗೆ ಫೋನ್ ಮಾಡಿದಾಗ ಅಮ್ಮ ಬೆಚ್ಚಿದರು. "ವಯಸ್ಸಾದವರ ತಲೆಗೆ ಕರೆಂಟ್ ಕೊಡ್ತೀಯೇನೋ!" ಹನ್ನೆರಡು ವೋಲ್ಟ್ ಅಮ್ಮ, ಶಾಕ್ ಹೊಡೆಯಲ್ಲ ಅಂದೆ. ಅಪಾಯ ಇರೋದು ಶಾಕ್‌ನಲ್ಲಲ್ಲ. ವೈರ್ ಶಾರ್ಟ್ ಆಗಿ ಪೆಟ್ರೋಲ್ ಗಾಡಿಯಲ್ಲಿ ಬೆಂಕಿ ಹತ್ತೋದರಲ್ಲಿ, ಕತ್ತಲ ಕೆರೆ ಮಧ್ಯೆ ಹೆಡ್‌ಲೈಟ್ ಹೋಗೋದರಲ್ಲಿ.

ಕರೆಂಟ್ ಎಲ್ಲಿಂದ ಬರುತ್ತೆ?

ಹಳೇ ಲೂನಾ, ಟಿವಿಎಸ್ 50 ನೋಡಿದವರು ನೆನಪಿಸಿಕೊಳ್ಳಿ. ಆಕ್ಸಿಲರೇಟರ್ ಕೊಟ್ಟರೆ ಹೆಡ್‌ಲೈಟ್ ಜೋರು, ಬಿಟ್ಟರೆ ಮಂಕು. ಬ್ಯಾಟರಿ ಇಲ್ಲದ ಸ್ಲೆಡ್‌ನದ್ದೂ ಅದೇ ಜಾತಿ. ಇಂಜಿನ್ ಜೊತೆ ತಿರುಗುವ ಮ್ಯಾಗ್ನೆಟ್, ಪಕ್ಕದಲ್ಲಿ ಕಾಯಿಲ್. ಅಲ್ಲಿ ಹುಟ್ಟೋದು ಎಸಿ, ಅಂದರೆ ಮನೆಯ ಪ್ಲಗ್‌ನಲ್ಲಿ ಬರುವಂತೆ ದಿಕ್ಕು ಬದಲಿಸುತ್ತಲೇ ಇರುವ ಕರೆಂಟ್. ಬೈಕ್ ಬ್ಯಾಟರಿ ಕೊಡೋದು ಡಿಸಿ. ಬರೀ ಬಿಸಿಯಾಗುವ ವೈಸರ್‌ಗೆ ಎರಡೂ ಒಂದೇ. ಹೆಲ್ಮೆಟ್‌ನಲ್ಲಿ ಎಲ್‌ಇಡಿ, ಟೈಮರ್ ಥರದ್ದೇನಾದರೂ ಇದ್ದರೆ ಮಾತ್ರ ಡಿಸಿಯೇ ಬೇಕು. ಇದರಲ್ಲಿ ಇರಲಿಲ್ಲ.

ಮೊದಲು ಅಳೆದೆ. ಸ್ಲೆಡ್‌ನ ಹಿಂಭಾಗ ಸ್ಟ್ಯಾಂಡ್ ಮೇಲೆ ಎತ್ತಿ, ಗ್ಯಾರೇಜ್ ಬಾಗಿಲು ತೆರೆದಿಟ್ಟು, ಹಿಂದೆ ಯಾರೂ ನಿಲ್ಲದ ಹಾಗೆ ನೋಡಿಕೊಂಡು ಇಂಜಿನ್ ಓಡಿಸಿದ್ದು. ಮೀಟರ್ ಎಸಿ ಗುರುತಿನಲ್ಲೇ ಇರಬೇಕು, ಡಿಸಿಯಲ್ಲಿಟ್ಟರೆ ನಿಜವಾದ ವೋಲ್ಟೇಜ್ ತೋರಿಸಲ್ಲ. ಹೆಡ್‌ಲೈಟ್ ಕನೆಕ್ಟರ್‌ನಲ್ಲಿ ವೋಲ್ಟೇಜ್ ನಿಧಾನಕ್ಕೆ ಏರಿ 13ರ ಆಸುಪಾಸು ನಿಂತಿತು. ಅಂದರೆ ರೆಗ್ಯುಲೇಟರ್ ಗಟ್ಟಿಯಾಗಿದೆ. ಅದು ಕೆಟ್ಟಿದ್ದರೆ ವೋಲ್ಟೇಜ್ ಏರುತ್ತಲೇ ಹೋಗಿ ಬಲ್ಬೂ ವೈಸರ್ರೂ ಎರಡೂ ಸುಡುತ್ತಿದ್ದವು.

ಖರ್ಚಿನ ಲೆಕ್ಕ

ಆಫೀಸಿನಲ್ಲಿ ಲೋಡ್ ಜಾಸ್ತಿಯಾದರೆ ಇನ್ನೊಂದು ಸರ್ವರ್ ಸೇರಿಸ್ತೀವಿ. ಇಲ್ಲಿ ಆ ಸೌಲಭ್ಯ ಇಲ್ಲ. ಈ ಗಾಡಿಯ ಮ್ಯಾನುಯಲ್ ಪ್ರಕಾರ ಲೈಟಿಂಗ್ ಕಾಯಿಲ್ ಕೊಡೋದು 150 ವಾಟ್. ತಿಂಗಳ ಸಂಬಳ ಇದ್ದ ಹಾಗೆ, ಅದರಲ್ಲೇ ಎಲ್ಲ ತೂಗಿಸಬೇಕು.

ಹೆಡ್‌ಲೈಟ್ 60 ವಾಟ್. ಹಿಂದಿನ ದೀಪ 8. ಬ್ರೇಕ್ ಲೈಟ್ 27. ಹ್ಯಾಂಡಲ್ ಹಿಡಿಕೆ ಬೆಚ್ಚಗಿಡುವ ಹೀಟರ್‌ಗಳು 35. ಒಟ್ಟು 130. ವೈಸರ್‌ನ ರೆಸಿಸ್ಟೆನ್ಸ್ ಅಳೆದರೆ 8 ಓಮ್. 13 ವೋಲ್ಟ್‌ಗೆ ಸುಮಾರು 1.6 ಆಂಪಿಯರ್, 21 ವಾಟ್. ಸೇರಿಸಿದರೆ 151.

ಒಂದೇ ವಾಟ್ ಹೆಚ್ಚು, ಏನಾಗುತ್ತೆ ಅನ್ನಬೇಡಿ. 150 ಸಿಗೋದು ಇಂಜಿನ್ ಜೋರಾಗಿ ತಿರುಗುವಾಗ ಮಾತ್ರ. ಬ್ರೇಕ್ ಹಿಡಿದಾಗ ಇಂಜಿನ್ ನಿಧಾನವಾಗುತ್ತೆ, ಕರೆಂಟ್ ಕಡಿಮೆಯಾಗುತ್ತೆ, ಅದೇ ಕ್ಷಣಕ್ಕೆ ಬ್ರೇಕ್ ಲೈಟ್ ತನ್ನ ಪಾಲು ಕೇಳುತ್ತೆ. ಅಡ್ಡ ಏನೋ ಕಂಡು ಬ್ರೇಕ್ ಹಿಡಿದಾಗಲೇ ಹೆಡ್‌ಲೈಟ್ ಮಂಕಾದರೆ ವೈಸರ್ ಬೆಚ್ಚಗಿದ್ದು ಏನು ಪ್ರಯೋಜನ?

ಈ ಪಟ್ಟಿಯನ್ನು ಅವರ ಮುಂದೆ ಇಟ್ಟು, ಏನು ಕಡಿಮೆ ಮಾಡೋಣ ಅಂತ ಕೇಳಿದೆ. ಅವರು ಯೋಚನೆ ಕೂಡ ಮಾಡಲಿಲ್ಲ. "ಹಿಡಿಕೆಯ ಬಿಸಿ ಕಡಿಮೆ ಮಾಡೋಣ. ಕೈಗೆ ದಪ್ಪ ಗ್ಲೌಸ್ ಇದೆ. ಕಣ್ಣಿಗೆ ಬೇರೇನಿದೆ?" ಹೀಟರ್ ಸ್ವಿಚ್ 'ಲೋ'ನಲ್ಲಿಟ್ಟರೆ ಲೆಕ್ಕ 150ರ ಒಳಗೆ ಆರಾಮಾಗಿ ಬಂತು.

ಜೋಡಿಸಿದ್ದು ಹೀಗೆ

ಹೆಡ್‌ಲೈಟ್ ಲೈನ್‌ನಿಂದ ಎರಡು ವೈರ್ ತೆಗೆದೆ. ಬೈಕ್‌ನಲ್ಲಿ ಒಂದೇ ವೈರ್ ಎಳೆದು ಇನ್ನೊಂದಕ್ಕೆ ಬಾಡಿಗೆ ಅರ್ಥ್ ಕೊಡ್ತಾರಲ್ಲ, ಇಲ್ಲಿ ಅದು ನಡೆಯಲ್ಲ. ಮೀಟರ್ ಹಿಡಿದು ನೋಡಿದರೆ ಲೈಟಿನ ಲೈನಿಗೂ ಚಾಸಿಗೂ ಸಂಬಂಧವೇ ಇರಲಿಲ್ಲ. ಹಾಗಾಗಿ ಸಾಕೆಟ್ಟನ್ನೂ ಲೋಹಕ್ಕೆ ತಾಗದಂತೆ ಪ್ಲಾಸ್ಟಿಕ್ ಡ್ಯಾಶ್‌ನಲ್ಲಿ ಕೂರಿಸಿದೆ. ವೈರ್ ಹೊರಡುವ ಜಾಗದಲ್ಲೇ 3 ಆಂಪಿಯರ್ ಫ್ಯೂಸ್, ಆಮೇಲೆ ಒಂದು ಸ್ವಿಚ್. ಸಿಲಿಕಾನ್ ಹೊದಿಕೆಯ ವೈರ್ ಬಳಸಿದೆ, ಮಾಮೂಲಿ ಪ್ಲಾಸ್ಟಿಕ್ ಹೊದಿಕೆ ಈ ಚಳಿಗೆ ಕಡ್ಡಿಯಂತಾಗಿ ಬಿರಿಯುತ್ತೆ. ಸೈಲೆನ್ಸರ್, ಸ್ಟೀರಿಂಗ್ ಎರಡರಿಂದಲೂ ದೂರ ಕಟ್ಟಿದೆ.

ಒಂದು ವೈರ್ ಮಾತ್ರ ಮುಟ್ಟಬಾರದು: ಇಂಜಿನ್ ಆಫ್ ಮಾಡುವ ಕಿಲ್ ಸ್ವಿಚ್‌ನದ್ದು. ಅದು ಇಗ್ನಿಷನ್‌ಗೆ ಸೇರಿದ್ದು, ಅಲ್ಲಿ ಶಾಕ್ ಹೊಡೆಯುವಷ್ಟು ವೋಲ್ಟೇಜ್ ಇರುತ್ತೆ.

ಸಾಕೆಟ್ ಯಾವುದು ಗೊತ್ತಾ? ಹಳೇ ಟಿವಿಗೆ ಡಿವಿಡಿ ಪ್ಲೇಯರ್ ಜೋಡಿಸುತ್ತಿದ್ದ ಹಳದಿ, ಕೆಂಪು, ಬಿಳಿ ಪಿನ್ನಿನದ್ದೇ. ಸ್ನೋಮೊಬೈಲ್ ಹೆಲ್ಮೆಟ್‌ಗಳಲ್ಲಿ ಅದೇ ವಾಡಿಕೆ. ಸವಾರ ಬಿದ್ದರೆ ಎಳೆತಕ್ಕೆ ತಾನೇ ಬಿಟ್ಟುಕೊಳ್ಳುತ್ತೆ, ಕುತ್ತಿಗೆಗೆ ಸಿಕ್ಕಲ್ಲ.

ಬ್ಯಾಟರಿ ಇಲ್ಲದ್ದರ ಮಿತಿ

ಇಂಜಿನ್ ನಿಂತರೆ ವೈಸರ್ ಬಿಸಿಯೂ ನಿಂತಿತು. ಹಾಗಾಗಿ ಗಾಡಿ ನಿಲ್ಲಿಸಿದ ಕೂಡಲೇ ವೈಸರ್ ಎತ್ತಬೇಕು, ಹೊರಡುವ ಮುಂಚೆ ಎರಡು ನಿಮಿಷ ಬೆಚ್ಚಗಾಗಲು ಬಿಡಬೇಕು. ಕನ್ನಡಕಕ್ಕೆ ಯಾವ ಹೀಟರ್ರೂ ಇಲ್ಲ. ಉಸಿರನ್ನು ಕೆಳಕ್ಕೆ ತಿರುಗಿಸುವ ಮೂಗಿನ ಮಾಸ್ಕ್ ಹಾಕಲೇಬೇಕು.

ಸ್ನೋಮೊಬೈಲ್ ನಮ್ಮಲ್ಲಿ ಹೆಚ್ಚಿನವರ ಕೈಗೆ ಸಿಗಲ್ಲ, ನಿಜ. ಆದರೆ ಲಡಾಖ್‌ಗೆ ಹೊರಡುವ ಮುಂಚೆ ಬೈಕ್‌ಗೆ ಫಾಗ್ ಲೈಟ್, ಮೊಬೈಲ್ ಚಾರ್ಜರ್, ಹಿಡಿಕೆಯ ಹೀಟರ್ ಅಂತ ಸಾಲಾಗಿ ಹಾಕಿಸುವವರು ಬೇಕಾದಷ್ಟು ಜನ ಇದ್ದಾರೆ. ಅಲ್ಲಿ ಬ್ಯಾಟರಿ ಇರೋದರಿಂದ ಕೊರತೆ ತಕ್ಷಣ ಕಾಣಲ್ಲ, ಒಂದು ಬೆಳಗ್ಗೆ ಸೆಲ್ಫ್ ಎತ್ತದಿದ್ದಾಗ ಗೊತ್ತಾಗುತ್ತೆ. ಹಾಕಿಸುವ ಮುಂಚೆ ಮೆಕ್ಯಾನಿಕ್ ಹತ್ತಿರ ಎರಡೇ ಪ್ರಶ್ನೆ ಕೇಳಿ: ನನ್ನ ಗಾಡಿ ಎಷ್ಟು ವಾಟ್ ಹುಟ್ಟಿಸುತ್ತೆ? ಈಗಾಗಲೇ ಎಷ್ಟು ಖರ್ಚಾಗ್ತಿದೆ?

ಆ ವಾರಾಂತ್ಯ ಸಂಜೆ ಮೈನಸ್ 22. ಕೆರೆಯಾಚೆಯಿಂದ ಹೆಡ್‌ಲೈಟ್ ಬರೋದನ್ನು ನಾನೂ ಅವರ ಮಗಳೂ ಕಿಟಕಿಯಲ್ಲಿ ನಿಂತು ನೋಡ್ತಿದ್ದೆವು. ನೇರ ಬಂತು. ಒಂದು ಕಡೆ ನಿಧಾನವಾಗಿ, ದಿಬ್ಬವನ್ನು ದೂರದಿಂದಲೇ ಬಳಸಿಕೊಂಡು ದಂಡೆಗೆ ಏರಿತು. ಒಳಗೆ ಬಂದವರು ಹೆಲ್ಮೆಟ್ ತೆಗೆದು ಕೇಳಿದ್ದು ಒಂದೇ ಮಾತು: "ಕೈ ಕೊರೀತಿದೆ, ಕಾಫಿ ಇದೆಯಾ?" ಮಗಳು ಅವರ ಎರಡೂ ಕೆನ್ನೆ ಮುಟ್ಟಿ ನೋಡಿ, ಒಳಗೆ ಕಾಫಿ ತರಲು ಹೋದಳು.