ಉಜ್ಜುವ ಮೊದಲು ಲೋಹ ಯಾವುದು ನೋಡಿ

ಅಜ್ಜನ ಕಾಲದ ಜಾವಾ ಗಾಡಿ ಕೊಟ್ಟಿಗೆಯಿಂದ ಹೊರಗೆ ಬಂದರೆ ಸಾಕು, ಮನೆಯ ಹುಡುಗರು ಉಪ್ಪುಕಾಗದ ಹಿಡಿದು ಕೂತುಬಿಡುತ್ತಾರೆ. ಸಂಜೆ ಹೊತ್ತಿಗೆ ಟ್ಯಾಂಕಿನ ಪಕ್ಕದ ಕ್ರೋಮ್ ಮಾಯವಾಗಿ ಹಳದಿ ಛಾಯೆಯ ನಿಕ್ಕಲ್ ಕಾಣಿಸುತ್ತದೆ. ಇನ್ನೂ ಹಟ ಮಾಡಿದರೆ ಬರೀ ಕಬ್ಬಿಣ. ಅರ್ಧ ಶತಮಾನ ಉಳಿದದ್ದು ಒಂದೇ ಭಾನುವಾರದಲ್ಲಿ ಹೋಯಿತು.

ಹಳೆಯ ಮೋಟಾರ್‌ಸೈಕಲ್ಲಿನ ಲೋಹದ ಭಾಗಗಳಿಗೆ ಹೊಳಪು ಮರಳಿಸುವ ಕಸುಬಿನಲ್ಲಿ ಕೈಗಿಂತ ಕಣ್ಣಿಗೆ ಕೆಲಸ ಹೆಚ್ಚು. ಕ್ಯಾಸಂಬಳ್ಳಿ, ಬೇತಮಂಗಲ, ಬಂಗಾರಪೇಟೆ ಕಡೆ ಲೋಹ ಬಲ್ಲವರಿಗೆ ಬರವಿಲ್ಲ. ಕೋಲಾರ ಚಿನ್ನದ ಗಣಿಯ (ಕೆಜಿಎಫ್) ವರ್ಕ್‌ಶಾಪು ಇದ್ದ, ಬಿಇಎಂಎಲ್ ಕಾರ್ಖಾನೆ ಇರುವ ನೆಲ ಇದು. ಫಿಟ್ಟರು, ಟರ್ನರು, ವೆಲ್ಡರುಗಳನ್ನು ತಲೆಮಾರುಗಟ್ಟಲೆ ಬೆಳೆಸಿದೆ. ಆದರೆ ಕಬ್ಬಿಣ ಕಡೆಯುವುದು ಬೇರೆ, ಅದರ ಮೇಲಿನ ತೆಳು ಹೊದಿಕೆಯನ್ನು ಓದುವುದು ಬೇರೆ.

ಗಾಡಿಯ ತವರು ಮೈಸೂರಿನ ಯಾದವಗಿರಿ. ಚೆಕೊಸ್ಲೊವಾಕಿಯಾದ ಜಾವಾದಿಂದ ಪರವಾನಗಿ ಪಡೆದ ಐಡಿಯಲ್ ಜಾವಾ ಕಂಪನಿ 1961ರಲ್ಲಿ ಅಲ್ಲಿ ಉತ್ಪಾದನೆ ಶುರು ಮಾಡಿತು. ಮುಂದೆ ಯೆಜ್ಡಿ ಹೆಸರು ಬಂತು, 1978ರಲ್ಲಿ ರೋಡ್‌ಕಿಂಗ್ ಬಂತು, 1996ರಲ್ಲಿ ಕಾರ್ಖಾನೆಗೆ ಬೀಗ ಬಿತ್ತು. ಎರಡು ಸೈಲೆನ್ಸರಿನ ಆ 250 ಸಿಸಿ ಗಾಡಿಯಲ್ಲಿ ಮಂದಿ ಈಗಲೂ ದೂರದೂರಿಗೆ ಹೋಗುತ್ತಾರೆ. ಜುಲೈ ತಿಂಗಳ ಎರಡನೇ ಭಾನುವಾರ ಜಾವಾ ದಿನ; ಆ ದಿನ ಬೆಂಗಳೂರಲ್ಲಿ ಸಾಲುಗಟ್ಟಿ ನಿಂತ ಟ್ಯಾಂಕುಗಳನ್ನು ಕಂಡರೆ ಯಾವುದು ಹಳೆಯ ಕ್ರೋಮ್, ಯಾವುದು ಮೊನ್ನೆ ಹೊಡೆಸಿದ್ದು ಎಂದು ತಿಳಿದವರು ನಿಂತಲ್ಲೇ ಹೇಳುತ್ತಾರೆ.

ಒಂದೇ ಗಾಡಿಯಲ್ಲಿ ಹೊಳೆಯುವುದೆಲ್ಲ ಒಂದೇ ಲೋಹವಲ್ಲ. ಟ್ಯಾಂಕಿನ ಪಕ್ಕೆ, ಸೈಲೆನ್ಸರು, ಚಕ್ರದ ರಿಮ್ಮು, ಹೆಡ್‌ಲೈಟಿನ ಬಳೆ ಇವು ಕ್ರೋಮ್ ಹೊದ್ದ ಉಕ್ಕು. ಎಂಜಿನ್ನಿನ ಎರಡು ಬದಿಯ ಉಬ್ಬು ಮುಚ್ಚಳ ಪಾಲಿಶ್ ಮಾಡಿದ ಅಲ್ಯೂಮಿನಿಯಂ. ಇತ್ತೀಚಿನ ಪ್ರವಾಸಿ ಬೈಕುಗಳಲ್ಲಿ ಇದು ಇನ್ನಷ್ಟು ಗೋಜಲು: ಆನೊಡೈಸ್ ಆದ ಅಲ್ಯೂಮಿನಿಯಂ ಪಟ್ಟಿ, ಸ್ಟೇನ್‌ಲೆಸ್ ಸ್ಟೀಲು, ಸತುವಿನ ಅಚ್ಚೆರಕ, ಕೊನೆಗೆ ಕ್ರೋಮ್ ಬಳಿದ ಪ್ಲಾಸ್ಟಿಕ್ಕೂ ಉಂಟು.

ಮೊದಲ ಪರೀಕ್ಷೆಗೆ ಸೂಜಿಗಲ್ಲು ಸಾಕು. ಅಂಟಿಕೊಂಡರೆ ಬಹುಮಟ್ಟಿಗೆ ಉಕ್ಕು. ಅಂಟದೆ ಹಗುರವಾಗಿದ್ದರೆ ಅಲ್ಯೂಮಿನಿಯಂ, ಅಂಟದೆ ಭಾರವಾಗಿದ್ದರೆ ಸತುವಿನ ಅಚ್ಚು ಅಥವಾ ಸ್ಟೇನ್‌ಲೆಸ್ ಇರಬಹುದು. ಸ್ಟೇನ್‌ಲೆಸ್‌ನಲ್ಲೂ ಕೆಲವು ಜಾತಿ ಅಂಟುತ್ತವೆ, ಹಾಗಾಗಿ ಸೂಜಿಗಲ್ಲಿನ ಮಾತೇ ಕೊನೆಯಲ್ಲ. ಬಣ್ಣ ನೋಡಿ: ಕ್ರೋಮಿನ ಹೊಳಪು ತುಸು ನೀಲಿ, ನಿಕ್ಕಲಿನದು ತುಸು ಹಳದಿ. ಪಾಲಿಶ್ ಬಟ್ಟೆಯಲ್ಲಿ ಉಜ್ಜಿದಾಗ ಬಟ್ಟೆ ಕಪ್ಪಾದರೆ ಅದು ಬೆತ್ತಲೆ ಅಲ್ಯೂಮಿನಿಯಂ. ಕಪ್ಪಾಗದಿದ್ದರೆ ಮೇಲೆ ಏನೋ ಹೊದಿಕೆ ಇದೆ. ಆ ಹೊದಿಕೆ ಲ್ಯಾಕರೋ ಆನೊಡೈಸೋ? ಪೇಂಟ್ ರಿಮೂವರಿನ ಒಂದು ಹನಿಗೆ ಲ್ಯಾಕರು ಸುಕ್ಕುಗಟ್ಟಿ ಏಳುತ್ತದೆ. ಆನೊಡೈಸ್ ಜಪ್ಪಯ್ಯ ಎನ್ನುವುದಿಲ್ಲ. ಎಲೆಕ್ಟ್ರಿಷಿಯನ್ನಿನ ಮೀಟರಿನ ಎರಡು ಕಡ್ಡಿಗಳನ್ನು ಮೆಲ್ಲಗೆ ತಾಗಿಸಿದರೆ ಆನೊಡೈಸ್ ಪದರದಲ್ಲಿ ಕರೆಂಟು ಹರಿಯುವುದೂ ಇಲ್ಲ.

ಇಷ್ಟು ತಲೆಕೆಡಿಸಿಕೊಳ್ಳುವುದೇಕೆ ಅಂದರೆ, ಪ್ರತಿಯೊಂದಕ್ಕೂ ಔಷಧಿ ಬೇರೆ. ಅಲ್ಯೂಮಿನಿಯಂ ಆದರೆ 400ರ ಕಾಗದದಿಂದ ಹಿಡಿದು 2000ದವರೆಗೆ ನೀರು ಹಾಕಿ ತಿಕ್ಕಿ, ಬಟ್ಟೆಚಕ್ರಕ್ಕೆ ಕಾಂಪೌಂಡು ಹಚ್ಚಿ ಹಿಡಿದರೆ ಕನ್ನಡಿ. ಆನೊಡೈಸ್ ಪದರ ತೆಗೆಯಲು ಕಾಸ್ಟಿಕ್ ಸೋಡಾ ಬೇಕು. ಆದರೆ ಅದು ಪದರ ಮುಗಿಸಿದ ಮೇಲೆ ಅಲ್ಯೂಮಿನಿಯಮ್ಮನ್ನೇ ತಿನ್ನುತ್ತದೆ, ಹೈಡ್ರೋಜನ್ ಬಿಡುತ್ತದೆ, ಕಣ್ಣಿಗೆ ಸಿಡಿದರೆ ಕಣ್ಣೇ ಹೋದೀತು. ಕ್ರೋಮಿಗಂತೂ ಉಪ್ಪುಕಾಗದ ತೋರಿಸಲೇಬಾರದು. ಅಲಂಕಾರದ ಕ್ರೋಮ್ ಪದರ ಸಾಮಾನ್ಯವಾಗಿ ಅರ್ಧ ಮೈಕ್ರಾನಿಗೂ ಕಡಿಮೆ, ತಲೆಗೂದಲಿನ ದಪ್ಪದ ನೂರನೇ ಒಂದು ಪಾಲೂ ಇಲ್ಲ. ತುಕ್ಕು ತಡೆಯುವುದು ಅದರ ಕೆಳಗಿನ ನಿಕ್ಕಲ್. ಕಂದು ಚುಕ್ಕಿಗಳಿದ್ದರೆ ತಿಂಡಿ ಕಟ್ಟುವ ಅಲ್ಯೂಮಿನಿಯಂ ಹಾಳೆಯನ್ನು ಉಂಡೆ ಮಾಡಿ ನೀರಲ್ಲಿ ಅದ್ದಿ ಮೆಲ್ಲಗೆ ಉಜ್ಜಿ. ಅಲ್ಯೂಮಿನಿಯಂ ಕ್ರೋಮಿಗಿಂತ ಮೆದು, ಗೀರು ಬೀಳದೆ ತುಕ್ಕು ಬಿಡುತ್ತದೆ. ಆಮೇಲೆ ಮೇಣ ಹಚ್ಚಿ ಸುಮ್ಮನಿರಿ. ನನ್ನ ಕೇಳಿದರೆ, ಹತ್ತು ಚುಕ್ಕಿ ಉಳಿದ ಹಳೆಯ ಕ್ರೋಮ್ ಅಗ್ಗದಲ್ಲಿ ಹೊಡೆಸಿದ ಹೊಸದಕ್ಕಿಂತ ಮೇಲು.

ಪದರವೇ ಸಿಪ್ಪೆ ಏಳುತ್ತಿದ್ದರೆ ಮಾತ್ರ ಪ್ಲೇಟಿಂಗ್ ಅಂಗಡಿ. ಅಲ್ಲಿ ಹಳೆಯದನ್ನು ಕಳಚಿ, ಗುಂಡಿಗಳನ್ನು ಬಫ್ ಮಾಡಿ, ತಾಮ್ರ, ನಿಕ್ಕಲ್, ಕ್ರೋಮ್ ಸರದಿಯಂತೆ ಏರಿಸುತ್ತಾರೆ. ಟ್ಯಾಂಕು ಕೊಡುವುದಾದರೆ ಪೆಟ್ರೋಲಿನ ಆವಿ ಚೂರೂ ಉಳಿಯದಂತೆ ತೊಳೆದು, ಆಸಿಡ್ ಒಳಗೆ ನುಗ್ಗದಂತೆ ಎಲ್ಲ ತೂತುಗಳನ್ನೂ ಬಿಗಿಯಾಗಿ ಮುಚ್ಚಿಸಿ. ಜಾವಾ ಟ್ಯಾಂಕಿನಲ್ಲಿ ಕ್ರೋಮ್ ಮೊದಲು, ಮೆರೂನ್ ಬಣ್ಣ ಆಮೇಲೆ, ಇವೆರಡರ ಅಂಚಿನಲ್ಲಿ ಚಿನ್ನದ ಬಣ್ಣದ ಗೆರೆ ಕಟ್ಟಕಡೆಗೆ. ಬಣ್ಣ ಬೀಳುವ ಕಡೆ ಕ್ರೋಮನ್ನು ಒರಟು ಮಾಡದಿದ್ದರೆ ಎರಡೇ ಮಳೆಗೆ ಹಪ್ಪಳದಂತೆ ಏಳುತ್ತದೆ. 2018ರಲ್ಲಿ ಮತ್ತೆ ಬಂದ ಜಾವಾದಲ್ಲೂ ಕ್ರೋಮ್ ಪಕ್ಕೆ, ಆ ಗೆರೆ ಎರಡೂ ಇವೆ.

ಪ್ಲೇಟಿಂಗನ್ನು ಮನೆಯ ಹಿತ್ತಲಲ್ಲಿ ಮಾಡುವ ಉಪಾಯಗಳನ್ನು ಕೆಲವರು ಹೇಳುತ್ತಾರೆ. ಬೇಡ. ಉಕ್ಕಿನ ಮೇಲೆ ತಾಮ್ರದ ಮೊದಲ ಪದರಕ್ಕೆ ಅನೇಕ ಕಡೆ ಬಳಸುವುದು ಸೈನೈಡ್ ದ್ರಾವಣ, ಕ್ರೋಮಿಗೆ ಬಳಸುವುದು ಕ್ಯಾನ್ಸರ್ ತರುವ ಕ್ರೋಮಿಕ್ ಆಸಿಡ್. ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದ ಅಂತರ್ಜಲದಲ್ಲಿ ವಿಷಕಾರಿ ಕ್ರೋಮಿಯಂ ಕಂಡುಬಂದದ್ದು ದಾಖಲಾದ ಸಂಗತಿ. ಸೈನೈಡ್ ಏನೆಂದು ಕೆಜಿಎಫ್‌ನವರಿಗೆ ಬಿಡಿಸಿ ಹೇಳಬೇಕಿಲ್ಲ. ಗಣಿ 2001ರ ಫೆಬ್ರವರಿ 28ರಂದು ನಿಂತರೂ ಸೈನೈಡ್ ಬಳಸಿ ಚಿನ್ನ ತೆಗೆದುಳಿದ ಮಣ್ಣಿನ ದಿಬ್ಬಗಳು ಅಲ್ಲೇ ಇವೆ, ಗಾಳಿ ಬೀಸಿದಾಗ ಧೂಳು ಮನೆಯೊಳಗೆ ಬರುತ್ತದೆ. ಆದ್ದರಿಂದ ಸೈಲೆನ್ಸರನ್ನು ಗೋಣಿಯಲ್ಲಿ ಸುತ್ತಿ ಬಂಗಾರಪೇಟೆಯಿಂದ ರೈಲು ಹತ್ತುವವರು ಅಂಗಡಿಯಲ್ಲಿ ಎರಡು ಪ್ರಶ್ನೆ ಕೇಳಲಿ: ನಿಕ್ಕಲ್ ಎಷ್ಟು ದಪ್ಪ ಹಾಕುತ್ತೀರಿ, ತೊಳೆದ ನೀರು ಎಲ್ಲಿಗೆ ಹೋಗುತ್ತದೆ?